ಆವು ಓಗೋ ದಾರಿ

ಊರಿಗಾಂ
16-6-1958

ಪ್ರೀತಿಯ ಸರಸ್ವತಕ್ಕನಿಗೆ,

ಅಕ್ಕಾ, ಅಂಗಳ ನನ್ನ ಕೈಗೆ ಬಂತು, ಇಡೀ ಅಂಗಳ! ನಮಸ್ಕಾರ, ಕ್ಷೇಮ, ಭಾವನವರ ಕೆಮ್ಮು, ಎಲ್ಲ ಆಮೇಲೆ. ಮೊದಲು ಇದನ್ನು ಓದಿ. ನಮ್ಮ ಸಾಲಿನ ನಾಲ್ಕು ಮನೆಗಳ ನಡುವೆ ಬೂದಿ, ಮುರುಕು ಬಕೆಟ್ಟು, ಮುಳ್ಳು ತುಂಬಿಕೊಂಡು ಬಿದ್ದಿದೆಯಲ್ಲ, ಅದನ್ನು ತೋಟ ಮಾಡಿಕೊಳ್ಳಬಹುದೆಂದು ಕಂಪನಿಯ ಆಫೀಸಿನಿಂದ ಕಾಗದ ಬಂದಿದೆ. ಕಾಗದ ಇಂಗ್ಲಿಷಿನಲ್ಲಿತ್ತು. ಎಲ್ಲರೂ ನಲ್ಲಿಯ ಹತ್ತಿರ ನಿಂತು ನನ್ನಿಂದಲೇ ಓದಿಸಿದರು. ಓದಿ ಮುಗಿಸಿದ ಕೂಡಲೇ ಮಂಗಮ್ಮನವರು, "ಓದಿದೋಳೇ ಮಾಡ್ಲಿ ಬುಡಿ, ನಮಗ್ಯಾರಿಗೆ ಪುರುಸೊತ್ತು" ಅಂದುಬಿಟ್ಟರು! ಮದುವೆಯಾಗಿ ಎರಡು ತಿಂಗಳಿಗೆ ನನಗೆ ಒಂದು ಅಂಗಳ! ನಿಮ್ಮ ತಮ್ಮ ಮಾತ್ರ, "ಅನ್ನಕ್ಕೆ ಎಷ್ಟು ನೀರು ಅಂತ ಮೊದಲು ಕಲಿ, ಆಮೇಲೆ ಗಿಡಕ್ಕೆ" ಅಂತ ಹಾಸ್ಯ ಮಾಡಿದರು. ನಾನು ಮಾತು ಬಿಟ್ಟೆ. ಅರ್ಧ ಗಂಟೆ.

ಹೊಸ ನೋಟ್‌ಬುಕ್ ಹಿಡಿದು ಮನೆಮನೆಗೂ ಹೋದೆ, ನಿಮಗೆ ಎಂಥ ತೋಟ ಬೇಕು ಎಂದು ಕೇಳಿ ಬರೆದುಕೊಂಡೆ. ಅಕ್ಕಾ, ಒಬ್ಬರ ಹಾಗೆ ಇನ್ನೊಬ್ಬರಿಲ್ಲ! ಮಂಗಮ್ಮನವರದು, "ನಾಕೇಮಮ್ಮಾ, ನನಗೇನು, ನನ್ ಹಸೂಗೆ ಇಷ್ಟು ಹುಲ್ಲಿದ್ರೆ ಸಾಕು. ನೀನು ಗುಲಾಬಿ ಹಾಕಿದ್ರೆ ಅದನ್ನೂ ಮೇಯ್ತದೆ, ಆಮೇಲೆ ನನ್ನ ಬೈಬ್ಯಾಡ." ಪಕ್ಕದ ಪೆರುಮಾಳ್ ಅವರು ವೈಂಡಿಂಗ್ ಇಂಜಿನ್ ಡ್ರೈವರು, ಚಿನ್ನದ ಗಣಿಗೆ ಜನರನ್ನು ಇಳಿಸುವ ಕೇಜು ಅವರ ಕೈಯಲ್ಲಿದೆ. ರಾತ್ರಿ ಶಿಫ್ಟಾದರೆ ಹಗಲು ಮಲಗಬೇಕು. ತಲೆ ಬಾಗಿಸಿಕೊಂಡು, "ನೆಳಲು ಪೋದುಂ ಮ್ಮಾ" ಅಂದರು. ಅಷ್ಟೇ, ನೆರಳು ಸಾಕಂತೆ. ಮೂರನೆಯ ಮನೆಯ ದೊಡ್ಡವೆಂಕಟಪ್ಪನವರು ಮೂವತ್ತು ವರ್ಷ ಭೂಮಿಯೊಳಗೆ ಕೆಲಸ ಮಾಡಿ ಎದೆ ಕೆಡಿಸಿಕೊಂಡವರು. "ನೆಳ್ಳು ಅನ್ನೋ ಮಾತೇ ಎತ್ಬ್ಯಾಡ ಕಣಮ್ಮ. ನನ್ ಬಾಗ್ಲು ಮುಂದೆ ಒಂದು ಕಡ್ಡೀನೂ ನೆಡಬ್ಯಾಡ. ಬಿಸ್ಲು ಬೀಳ್ಲಿ, ಆಕಾಸ ಕಾಣ್ಲಿ" ಎಂದರು. ಹೇಗೆ ಹೊಂದಿಸಲಿ ಹೇಳಿ! ಐದನೆಯ ಮನೆ ಅಂತ ನಾನೇ ಒಂದು ಪುಟ ಬರೆದಿದ್ದೇನೆ: ಅಳಿಲು, ಸೂರಕ್ಕಿ, ಕಪ್ಪೆ, ಚಿಟ್ಟೆ, ಓತಿಕ್ಯಾತ. ಬೆಂಗಳೂರಿನ ನಮ್ಮ ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ಹಕ್ಕಿಗಳಿಗೆಂದೇ ನೀರಿಡುತ್ತಿದ್ದರು. ನಾನು ಒಂದು ಸಣ್ಣ ತೊಟ್ಟಿಯನ್ನೇ ಇಡಿಸುತ್ತೇನೆ!

ಕೊನೆಗೆ ಅತ್ತೆಯನ್ನು ಕೇಳಿದೆ. ಕನಕಾಂಬರ, ತುಳಸಿ, ಒಂದು ಬಳ್ಳಿ ಮಲ್ಲಿಗೆ ಅಂದರು. ಆಮೇಲೆ ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ, "ಆವು ಓಗೋ ದಾರಿ ಬುಡು ಕಣಮ್ಮ. ಅದ್ರ ಪಾಡಿಗೆ ಅದು ಬತ್ತದೆ, ಓಯ್ತದೆ. ಮಂಗಮ್ಮಂಗೆ ಮಾತ್ರ ಯೋಳ್ಬ್ಯಾಡ" ಅಂದರು. ನೋಡಿ ಅಕ್ಕಾ! ನಲ್ಲಿಯ ಹತ್ತಿರ ದಿನಾ ಮಂಗಮ್ಮನವರ ಜೊತೆ ಜಗಳ, ಮನಸ್ಸಿನೊಳಗೆ ಅವರ ಹಸುವಿನ ಮೇಲೆ ಇಷ್ಟು ಕರುಣೆ! ಅದೂ ನಮ್ಮ ತವರಿನ ತೆಲುಗಿನಲ್ಲಿ ಹಸುವಿಗೆ 'ಆವು' ಅಂದರು. ನನಗೋಸ್ಕರವೇ ಅಂದರು ಅನ್ನಿಸಿತು. ನನಗೆ ಕಣ್ಣು ತುಂಬಿಬಿಟ್ಟಿತು. ಕೂಡಲೇ ನೋಟ್‌ಬುಕ್ಕಿನಲ್ಲಿ ಅವರ ಹೆಸರಿನ ಕೆಳಗೆ, ಹಸುವಿಗೆ ದಾರಿ ಎಂದು ಇಂಗ್ಲಿಷಿನಲ್ಲಿ ಬರೆದುಕೊಂಡೆ.

ಹಾಲು ಉಕ್ಕಿದ ವಾಸನೆ ಬರುತ್ತಿದೆ, ಓಡುತ್ತೇನೆ.

ನಿಮ್ಮ
ಕನಕ


ಬಂಗಾರಪೇಟೆ
24-6-1958

ಚಿ. ಸೌ. ಕನಕಳಿಗೆ ಆಶೀರ್ವಾದಗಳು.

ನಿನ್ನ ಕಾಗದ ತಲುಪಿತು. ಸ್ಕೂಲು ಆರಂಭವಾಗಿ ಅರವತ್ತು ಮಕ್ಕಳು, ಒಂದು ಕೋಣೆ. ನಿಂತುಕೊಂಡೇ ಓದಿದೆ. ಹಾಲು ಉಕ್ಕಿದ್ದಕ್ಕೆ ಅಮ್ಮ ಏನೂ ಅಂದಿರಲಿಕ್ಕಿಲ್ಲ, ಅಂದಿದ್ದರೆ ಕಾಗದದ ಕೊನೆಗೆ ಅದನ್ನೂ ಸೇರಿಸುತ್ತಿದ್ದೆ.

ಒಂದು ಮಾತು ತಿಳಿದಿರಲಿ. ಅಮ್ಮ ಯಾವುದನ್ನಾದರೂ ಒಂದೇ ಸಲ ಹೇಳುವುದು. ಅಪ್ಪ ಬದುಕಿದ್ದಾಗ ಲೈನಿನ ಮನೆಗಳಲ್ಲಿ ಯಾರಿಗೆ ಯಾರಿಗೆ ಜಗಳವಾದರೂ "ಪಿಳ್ಳಮ್ಮ ಏನಂದ್ಲು ಕೇಳಿ" ಎಂದು ಬರುತ್ತಿದ್ದರು. ಅವಳು ಕಂಡೆ ಎಂದರೆ ಕಂಡಂತೆ, ಅಂದೆ ಎಂದರೆ ಅಂದಂತೆ. ಅವಳಿಗೆ ಇರುವ ಆಸ್ತಿ ಅದೊಂದೇ. ಅದಕ್ಕೇ ಗಮನವಿಟ್ಟು ಕೇಳಿಸಿಕೋ, ಎರಡನೆಯ ಸಲ ಕೇಳಿದರೆ ಮುನಿಯುತ್ತಾಳೆ.

ನಮ್ಮ ಹಿತ್ತಲ ಕನಕಾಂಬರದ ಬೀಜ ಪೊಟ್ಟಣ ಕಟ್ಟಿ ಇಟ್ಟಿದ್ದೇನೆ. ನಿಮ್ಮ ಕಡೆ ಬರುವವರ ಕೈಲಿ ಕಳಿಸುತ್ತೇನೆ.

ಸರಸ್ವತಮ್ಮ


ಊರಿಗಾಂ
7-9-1958

ಪ್ರೀತಿಯ ಅಕ್ಕನಿಗೆ,

ಎರಡು ತಿಂಗಳು ಬರೆಯದಿದ್ದಕ್ಕೆ ಕಿವಿ ಹಿಂಡಿ, ಆದರೆ ನನ್ನ ಉಗುರು ನೋಡಿದರೆ ಕ್ಷಮಿಸುತ್ತೀರಿ, ಎಲ್ಲ ಕೆಮ್ಮಣ್ಣು! ಬೇವಿನ ಮರದ ಕೆಳಗೆ ಪೆರುಮಾಳ್ ಅವರಿಗೆ ಕಲ್ಲುಬೆಂಚು, ಸುತ್ತ ದಟ್ಟವಾಗಿ ದಾಸವಾಳ, ಒಳಗೆ ಮಲಗಿದರೆ ಯಾರಿಗೂ ಕಾಣುವುದಿಲ್ಲ. ದೊಡ್ಡವೆಂಕಟಪ್ಪನವರ ಮುಂದೆ ಬರೀ ಗರಿಕೆ, ತಲೆಯ ಮೇಲೆ ಬರೀ ಆಕಾಶ. ಬೆಂಚಿನ ಪಕ್ಕ ನನ್ನ ತೊಟ್ಟಿ, ಬೇತಮಂಗಲದಿಂದ ನಲ್ಲಿಗೆ ನೀರು ಬಂದ ದಿನ ಎರಡು ಕೊಡ ಅದಕ್ಕೆ. ಕಪ್ಪೆಗಳು ಬಂದೇಬಿಟ್ಟವು ಅಕ್ಕಾ, ಯಾರು ಕರೆದರೋ! ಸಂಜೆಯಾದರೆ ಸಾಲಿನವರೆಲ್ಲ ಹೊರಗೆ ಬಂದು ಕೂರುತ್ತಾರೆ. ಮಂಗಮ್ಮನವರು ಅತ್ತೆಗೆ ಒಂದು ಲೋಟ ಮಜ್ಜಿಗೆ ಕೊಟ್ಟರು, ನಿಜವಾಗಿ!

ಹಸುವಿಗೆ ಮಂಗಮ್ಮನವರ ಬಾಗಿಲಿನಿಂದ ಗೇಟಿನವರೆಗೆ ನಾಲ್ಕಡಿ ಅಗಲ ದಾರಿ ಬಿಟ್ಟೆ. ಅತ್ತೆ ಸೊಂಟದ ಮೇಲೆ ಕೈಯಿಟ್ಟು ನೋಡಿ, "ಇದ್ಯಾಕಮ್ಮ ಇಷ್ಟು ಅಗ್ಲ?" ಅಂದರು. ನೀವೇ ಹೇಳಿದ್ದಿರಲ್ಲ ಅತ್ತೆ, ಆವಿಗೆ ದಾರಿ ಬಿಡು ಅಂತ, ಅಂದೆ. ಅವರು ಸೆರಗು ಬಾಯಿಗಿಟ್ಟು ನಕ್ಕೂ ನಕ್ಕೂ, "ಅಯ್ಯೋ ಪೆದ್ದೀ, ಅದ್ಕೆ ಇಷ್ಟಗ್ಲ ಬೇಕಾ? ಅದೇನು ಮೆರವಣಿಗೆ ಓಯ್ತದಾ? ಒಂದು ಸಂದಿದ್ರೆ ಸಾಕು, ನುಸ್ಕೊಂಡು ಓಯ್ತದೆ" ಅಂದರು. ಮಂಗಮ್ಮನವರ ಹಸು ಬಡಕಲು ನಿಜ, ಆದರೂ ಅತ್ತೆಯ ನಾಲಗೆ ನೋಡಿ!

ಗೌರಿ ಹಬ್ಬಕ್ಕೆ ಅತ್ತೆಯನ್ನು ನಿಮ್ಮಲ್ಲಿಗೆ ಕಳಿಸುತ್ತಿದ್ದೇವೆ, ಹದಿನೈದು ದಿನ ಇಟ್ಟುಕೊಳ್ಳಿ. ಅವರು ಬರುವಷ್ಟರಲ್ಲಿ ಒಂದು ಕೆಲಸ ಬಾಕಿ. ಹೋದ ವರ್ಷ ಗಣಿಯೊಳಗೆ ಬಂಡೆ ಸಿಡಿದು ಏರ್‌ಬ್ಲಾಸ್ಟ್ ಆಗಿ ಭೂಮಿ ಅದುರಿದಾಗ ಹಿಂದಿನ ಗೋಡೆ ಬಿರುಕು ಬಿಟ್ಟು ಬುಡದಲ್ಲಿ ಒಂದು ಕಲ್ಲು ಜಾರಿದೆ. ಆ ಸಂದಿಯಿಂದ ಹೆಗ್ಗಣಗಳು ನುಗ್ಗಿ ನನ್ನ ಡೇರೆ ಹೂವಿನ ಗೆಡ್ಡೆಯನ್ನೆಲ್ಲ ಕಿತ್ತುಹಾಕುತ್ತಿವೆ. ಗಾರೆಯವನು ಬಂದು ಮುಚ್ಚುತ್ತಾನೆ. ಆಮೇಲೆ ತೋಟ ಪೂರ್ತಿ!

ನಿಮ್ಮ
ಕನಕ


ಊರಿಗಾಂ
3-10-1958

ಅಕ್ಕನಿಗೆ,

ನಿಮ್ಮ ತಮ್ಮ ಅತ್ತೆಯನ್ನು ಅವಸರವಾಗಿ ಕರೆದುಕೊಂಡು ಬಂದದ್ದು ಯಾಕೆಂದು ನಿಮಗೆ ಅರ್ಧ ಮಾತ್ರ ತಿಳಿದಿರುತ್ತದೆ. ಪೂರ್ತಿ ಬರೆಯುತ್ತೇನೆ.

ಕಳೆದ ಶನಿವಾರ ಮಧ್ಯಾಹ್ನ ಪೆರುಮಾಳ್ ಅವರು ರಾತ್ರಿ ಶಿಫ್ಟು ಮುಗಿಸಿ ಬಂದು ಬೆಂಚಿನ ಮೇಲೆ ಮಲಗಿದ್ದರು. ಬಲಗೈ ತೊಟ್ಟಿಯ ಕಡೆ ಇಳಿಬಿದ್ದಿತ್ತು. ನಾಗರಹಾವು ಕಚ್ಚಿತು. ಕೂಗಲೂ ಇಲ್ಲ ಅವರು. ಕೈ ಹಿಡಿದುಕೊಂಡು ನಡೆದು ನಮ್ಮ ಬಾಗಿಲಿಗೆ ಬಂದು, "ತಂಬಿ ಇರುಕ್ಕಾರಾ ಮ್ಮಾ?" ಎಂದರು, ನಿಮ್ಮ ತಮ್ಮ ಮನೆಯಲ್ಲಿದ್ದಾರಾ ಅಂತ. ಆಸ್ಪತ್ರೆಯಲ್ಲಿ ಜೀವ ಉಳಿಸಿದರು. ಎರಡು ಬೆರಳು ತೆಗೆಯಬೇಕಾಯಿತು. ಆ ಕೈಯಲ್ಲಿ ಇನ್ನು ಕೇಜು ಇಳಿಸಲಾಗುವುದಿಲ್ಲ. ಲ್ಯಾಂಪ್ ರೂಮಿನಲ್ಲಿ ಗಣಿಗೆ ಇಳಿಯುವವರಿಗೆ ದೀಪ ಎಣಿಸಿ ಕೊಡುವ ಕೆಲಸ ಕೊಡುತ್ತಾರಂತೆ. ಇಪ್ಪತ್ತೆರಡು ವರ್ಷ ಡ್ರೈವರಾಗಿದ್ದರು.

ಹಾವು ಗೋಡೆಯ ಬುಡದಲ್ಲಿ, ಗಾರೆ ಹಾಕಿ ಮುಚ್ಚಿದ ಜಾಗದಲ್ಲೇ, ಅತ್ತ ಇತ್ತ ಹರಿದಾಡುತ್ತಿತ್ತು ಎಂದು ದೊಡ್ಡವೆಂಕಟಪ್ಪನವರು ಹೇಳಿದರು. ಅವರು ಹಾರೆ ತರುವಷ್ಟರಲ್ಲಿ ಗಿಡಗಳೊಳಗೆ ಹೋಗಿ ಮಾಯವಾಯಿತು. ಈಗ ಯಾರೂ ಅಂಗಳಕ್ಕೆ ಕಾಲಿಡುತ್ತಿಲ್ಲ.

ಮರುದಿನ ನಲ್ಲಿಯ ಹತ್ತಿರ ಎಲ್ಲರೂ ಸೇರಿದರು. ಅತ್ತೆ ಬಂದವರೇ ಗೋಡೆ ನೋಡಿ ಹಣೆ ಚಚ್ಚಿಕೊಂಡರು. "ನಾನು ಯೋಳಿದ್ದೆ! ಇವ್ಳಿಗೆ ಬಾಯ್ಬಿಟ್ಟು ಯೋಳಿದ್ದೆ, ಆವು ಓಗೋ ದಾರಿ ಬುಡು ಅಂತ. ದಿನಾ ಬೆಳಗ್ಗೆ ಆ ಸಂದೀಲೇ ಓಗ್ತಿತ್ತು. ನಿಮ್ಗೆಲ್ಲಾ ಯೋಳಿದ್ರೆ ಒಡ್ದು ಆಕ್ಬುಡ್ತೀರಿ ಅಂತ ಇವ್ಳೊಬ್ಬಳಿಗೇ ಯೋಳಿದ್ದೆ" ಎಂದರು. ನಿಮ್ಮ ತಮ್ಮ ನನ್ನ ಮುಖ ನೋಡಿ, "ಹೇಳಿದ್ರಾ?" ಅಂದರು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

ಹಾವು ಅಂತ ಅತ್ತೆ ನನಗೆ ಹೇಳಿರಲಿಲ್ಲ ಅಕ್ಕ. ಹಾಗೇ ಹೇಳಿದೆ.

ಇವರು ಒಳಗೆ ಹೋಗಿ ನನ್ನ ನೋಟ್‌ಬುಕ್ ತಂದರು. ಅತ್ತೆಯ ಹೆಸರಿನ ಪುಟ ತೆಗೆದು ಎಲ್ಲರ ಮುಂದೆ ಓದಿದರು: "ಕನಕಾಂಬರ, ತುಳಸಿ, ಮಲ್ಲಿಗೆ, ಹಸುವಿಗೆ ದಾರಿ. ಅಷ್ಟೇ ಇರೋದಮ್ಮ. ಅವಳು ಎಲ್ಲಾನೂ ಬರೆದಿಟ್ಕೊಂಡಿದಾಳೆ ನೋಡು." ಅತ್ತೆ ಆ ಪುಟವನ್ನು ಬಹಳ ಹೊತ್ತು ನೋಡಿದರು, ಓದಲು ಬರುವವರ ಹಾಗೆ. ಆಮೇಲೆ, "ಬರ್ದಿರೋದು ಸುಳ್ಳಾಗ್ತದಾ? ನಾನೇ ಮರ್ತಿರ್ಬೇಕು" ಅಂದರು.

ಮಂಗಮ್ಮನವರು ನಕ್ಕರು. ವಯಸ್ಸಾಯ್ತು ಪಿಳ್ಳಮ್ಮಾ, ಅಂದರು.

ಕನಕ


ಬಂಗಾರಪೇಟೆ
22-10-1958

ಚಿ. ಸೌ. ಕನಕಳಿಗೆ ಆಶೀರ್ವಾದಗಳು.

ಅಮ್ಮ ಇಲ್ಲಿಗೆ ಬಂದು ಐದು ದಿನವಾಯಿತು. ತಮ್ಮ ಜಯರಾಮ ಬಿಟ್ಟು ಹೋಗುವಾಗ ನನ್ನನ್ನು ಪಕ್ಕಕ್ಕೆ ಕರೆದು, "ಅಮ್ಮನಿಗೆ ಮರೆವು ಶುರುವಾಗಿದೆ ಅಕ್ಕ, ಒಲೆ ಹತ್ತಿರ ಒಬ್ಬಳನ್ನೇ ಬಿಡಬೇಡ" ಎಂದ. ಹೋದ ತಿಂಗಳು ಹಬ್ಬಕ್ಕೆ ಬಂದಿದ್ದಾಗ ಇಪ್ಪತ್ತು ಜನಕ್ಕೆ ಒಬ್ಬಳೇ ಹೋಳಿಗೆ ಮಾಡಿದವಳು.

ಈಗ ಸಾರಿಗೆ ಉಪ್ಪು ಹಾಕಿ, ಹಾಕಿದೆನೇ ಎಂದು ನನ್ನನ್ನು ಕೇಳುತ್ತಾಳೆ. ಮೊನ್ನೆ ಪಕ್ಕದ ಮನೆಯವರು ತಮ್ಮ ಗಡಿಗಲ್ಲು ಮೊದಲು ಎಲ್ಲಿತ್ತೆಂದು ಕೇಳಲು ಬಂದರು. ಅಮ್ಮ ಈ ಮನೆಗೆ ಇಪ್ಪತ್ತು ವರ್ಷದಿಂದ ಬಂದುಹೋಗುತ್ತಿರುವವಳು, ಅವಳಿಗೆ ಗೊತ್ತು. "ನನ್ ಮಾತು ನಂಬ್ಬ್ಯಾಡಿ, ಎಲ್ಲಾದ್ರೂ ಬರ್ದಿದ್ರೆ ನೋಡ್ಕಳಿ" ಎಂದು ಒಳಗೆ ಹೋದಳು.

ನೇರವಾಗಿ ಕೇಳುತ್ತೇನೆ. ಅಮ್ಮ ನಿನಗೆ ಹೇಳಿರಲಿಲ್ಲವೇ?

ಸರಸ್ವತಮ್ಮ


ಊರಿಗಾಂ
4-11-1958

ಪ್ರೀತಿಯ ಅಕ್ಕನಿಗೆ,

ನಿಮ್ಮ ಕಾಗದ ಬಂತು. ದೀಪಾವಳಿಗೆ ಅತ್ತೆಗೆ ಒಂದು ಸೀರೆ ರಾಬರ್ಟ್‌ಸನ್‌ಪೇಟೆಯಲ್ಲಿ ನೋಡಿದ್ದೇವೆ, ಹಸಿರು, ಸಣ್ಣ ಅಂಚು. ಅವರಿಗೆ ಹಸಿರು ಹಿಡಿಸುತ್ತದಲ್ಲ? ತೋಟದಲ್ಲಿ ಈಗ ಎಷ್ಟು ಹಕ್ಕಿ ಗೊತ್ತೇ ಅಕ್ಕಾ! ಯಾರೂ ಹೋಗುವುದಿಲ್ಲವಾದ್ದರಿಂದ ದಾಸವಾಳದ ತುಂಬ ಸೂರಕ್ಕಿ, ಬೆಂಚಿನ ಮೇಲೆ ಅಳಿಲುಗಳು ಕೂತು ಹುಲ್ಲಿನ ಬೀಜ ತಿನ್ನುತ್ತವೆ. ಮಂಗಮ್ಮನವರು ತಮ್ಮ ಬಾಗಿಲ ಮುಂದೆ ಮುಳ್ಳು ಹಾಕಿಸಿಕೊಂಡರು, ಅದನ್ನು ನೋಡಿ ದೊಡ್ಡವೆಂಕಟಪ್ಪನವರೂ ಹಾಕಿಸಿದರು. ಇವರಿಗೆ ಹೊಸ ಮೇಲಧಿಕಾರಿ ಬಂದಿದ್ದಾರೆ, ಒಳ್ಳೆಯವರಂತೆ. ಚಳಿ ಶುರುವಾಯಿತು.

ನೀವು ಕೇಳಿದ್ದಕ್ಕೆ, ನೋಟ್‌ಬುಕ್ಕಿನಲ್ಲಿ ಇರುವುದು ಅಷ್ಟೇ.

ಕನಕ


ಬಂಗಾರಪೇಟೆ
16-11-1958

ಕನಕ,

ನಿನ್ನ ನೋಟ್‌ಬುಕ್ಕಿನಲ್ಲಿ ಏನಿದೆಯೆಂದು ನಾನು ಕೇಳಿರಲಿಲ್ಲ.

ಹಬ್ಬಕ್ಕೆ ಟ್ರಂಕು ತೆಗೆದಾಗ ನಿನ್ನ ಜೂನ್ ತಿಂಗಳ ಕಾಗದ ಸಿಕ್ಕಿತು. ಈ ಸಲ ಕೂತುಕೊಂಡು ಓದಿದೆ. ಅಮ್ಮ ನಿನಗೆ ಹೇಳಿದ ಮಾತನ್ನು ನೀನೇ ನಿನ್ನ ಕೈಯಾರೆ, ಅವಳ ಬಾಯಿಂದ ಬಂದ ಹಾಗೇ ಬರೆದಿದ್ದೀಯ. ಆವು ಓಗೋ ದಾರಿ ಬುಡು. ಕನಕ, ನಮ್ಮ ಊರ ಕಡೆ ಬಾಯಿಗೆ 'ಹ' ಬರುವುದಿಲ್ಲ. ಹೋಗು ಅನ್ನುವುದು ಓಗು, ಹಾಲು ಅನ್ನುವುದು ಆಲು, ಹಾವು ಅನ್ನುವುದು ಆವು. ಅಮ್ಮ ಹಾವಿನ ಮಾತು ಹೇಳಿದಳು, ನೀನು ನಿನ್ನ ತವರಿನ ತೆಲುಗಿನಲ್ಲಿ ಹಸು ಎಂದು ಕೇಳಿಸಿಕೊಂಡೆ.

ನಿನ್ನನ್ನು ಮಾತ್ರ ಬೈಯಲಾರೆ. ಆ ಕಾಗದ ನನಗೂ ಬಂದಿತ್ತು. ನಾನು ಆ ನುಡಿಯಲ್ಲೇ ಹುಟ್ಟಿದವಳು. ನೀನು ಹಸು ಎಂದು ಬರೆದಿದ್ದೆ, ಹಸು ಎಂದೇ ಓದಿಕೊಂಡು ಮಡಚಿಟ್ಟೆ. ಅಂದು ನಿಂತುಕೊಂಡು ಓದದೆ ಇದ್ದಿದ್ದರೆ ಪೆರುಮಾಳ್ ಅವರ ಬೆರಳು ಇರುತ್ತಿತ್ತು.

ಕೇಳಿಸಿಕೊಂಡದ್ದು ತಪ್ಪಾಯಿತು, ಅದು ಯಾರಿಗೂ ಆಗುತ್ತದೆ. ನಲ್ಲಿಯ ಹತ್ತಿರ ಅಮ್ಮ ಅದೇ ಮಾತು ಮತ್ತೆ ಹೇಳಿದಾಗಲೂ ನಿನಗೆ ಗೊತ್ತಾಗಲಿಲ್ಲವೇ? ಇಷ್ಟನ್ನು ಬರೆ. ಅಮ್ಮನಿಗೆ ನಾನು ಇನ್ನೂ ಏನೂ ಹೇಳಿಲ್ಲ. ನಿನ್ನೆಯಿಂದ ಅವಳು ನನ್ನ ಕೈಲಿ ಸ್ಲೇಟಿನ ಮೇಲೆ ಬರೆಸಿಕೊಳ್ಳುತ್ತಿದ್ದಾಳೆ: ಉಪ್ಪು ಹಾಕಿದೆ, ದೀಪ ಹಚ್ಚಿದೆ. ಓದಲು ಬರುವುದಿಲ್ಲ, ಬಂದವರಿಗೆ ತೋರಿಸುತ್ತಾಳೆ.

ಸರಸ್ವತಮ್ಮ


ಊರಿಗಾಂ
27-11-1958

ಅಕ್ಕ,

ಗೊತ್ತಾಯಿತು. ನಲ್ಲಿಯ ಹತ್ತಿರ ಅತ್ತೆ "ಆವು ಓಗೋ ದಾರಿ" ಎಂದ ಕೂಡಲೇ ಗೊತ್ತಾಯಿತು. ಎದುರಿಗೆ ಗೋಡೆ ಇತ್ತು, ಗಾರೆ ಇನ್ನೂ ಬೆಳ್ಳಗಿತ್ತು. "ಒಂದು ಸಂದಿದ್ರೆ ಸಾಕು" ಎಂದು ಅವರು ನಕ್ಕದ್ದು ಯಾಕೆಂದು ಆಗಲೇ ತಿಳಿಯಿತು. ಅಷ್ಟರಲ್ಲಿ ಇವರು "ಹೇಳಿದ್ರಾ?" ಅಂದರು.

ಹಾವು ಅಂತ ಹೇಳಿರಲಿಲ್ಲ ಅಂದೆ. ಒಂದೊಂದು ಅಕ್ಷರವೂ ನಿಜ, ಅಕ್ಕ. ಅತ್ತೆ ಹೇಳಿದ್ದು ಆವು. ಸುಳ್ಳು ಹೇಳಬಾರದೆಂದು ಸಿಸ್ಟರ್ ಹತ್ತು ವರ್ಷ ಕಲಿಸಿದ್ದರು, ಅದಕ್ಕೆ ಸುಳ್ಳು ಹೇಳದೆಯೇ ಅಷ್ಟು ದೊಡ್ಡ ಸುಳ್ಳು ಮಾಡಿದೆ. ಪೆರುಮಾಳ್ ಅವರ ಹೆಂಡತಿ ಅಳುತ್ತಾ ನಿಂತಿದ್ದರು. ತಪ್ಪು ನನ್ನದು ಅಂದರೆ ಎಲ್ಲರೂ ನನ್ನ ಕಡೆ ತಿರುಗುತ್ತಾರೆ ಎನ್ನುವುದೊಂದೇ ತಲೆಯಲ್ಲಿತ್ತು. ಎಲ್ಲರೂ ಅತ್ತೆಯ ಕಡೆ ತಿರುಗಿದರು. ನೋಟ್‌ಬುಕ್ ಬರುತ್ತದೆಂದು, ಅತ್ತೆ ತಮ್ಮನ್ನೇ ಅನುಮಾನಿಸುತ್ತಾರೆಂದು ನನಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೂ ಸುಮ್ಮನಿದ್ದೆ. ಅವರ ಪೆಟ್ಟಿಗೆ ಕಟ್ಟಿಕೊಟ್ಟವಳು ನಾನೇ. "ನೀನು ಒಳ್ಳೆವ್ಳು ಕಣಮ್ಮ, ನನ್ ಮರ್ವಿಂದ ನಿಂಗೆ ಮಾತು ಬಂತು" ಎಂದು ನನ್ನ ತಲೆ ಸವರಿದರು.

ಅಕ್ಕ, ಈ ಕಾಗದದ ಇಷ್ಟು ಭಾಗವನ್ನು ದಯವಿಟ್ಟು ಅತ್ತೆಗೆ ಓದಿ ಹೇಳಿ. ಎದುರಿಗೆ ಬಂದು ಹೇಳಲು ನನಗೆ ಧೈರ್ಯವಿಲ್ಲ. ನಿಮ್ಮ ತಮ್ಮನಿಗೆ ಮಾತ್ರ ಈಗಲೇ ತಿಳಿಯುವುದು ಬೇಡ. ಅವರಿಗೆ ನನ್ನ ಮೇಲೆ ಇರುವ ನಂಬಿಕೆ ಹೋದರೆ ನಾನು ಈ ಮನೆಯಲ್ಲಿ ಹೇಗಿರಲಿ?

ಕನಕ


ಬಂಗಾರಪೇಟೆ
3-12-1958

ಕನಕ,

ಓದಿ ಹೇಳುವುದಿಲ್ಲ. ಅವಳ ಮಾತು ಹೋದದ್ದು ಕಾಗದದಿಂದ, ಮತ್ತೊಂದು ಕಾಗದದಿಂದ ಅದು ಬರುವುದಿಲ್ಲ. ನಾನು ಓದಿದರೆ, ಮಗಳು ಅಮ್ಮನ ಸಮಾಧಾನಕ್ಕೆ ಏನೋ ಓದುತ್ತಾಳೆ ಎಂದುಕೊಳ್ಳುತ್ತಾಳೆ.

ಇನ್ನೊಂದು. ಅವಳು ಸುಳ್ಳಾದದ್ದು ನಾಲ್ಕು ಮನೆಯವರ ಮುಂದೆ, ಮಗನ ಮುಂದೆ. ಗುಟ್ಟಾಗಿ ಅವಳೊಬ್ಬಳ ಕಿವಿಗೆ ನಿಜವಾದರೆ ಸಾಲದು. ನಿನ್ನ ಗಂಡನಿಗೆ ಹೇಳದೆ ಬರುವುದಾದರೆ ಬರಬೇಡ.

ನಿನ್ನ ಮೇಲೆ ನನಗೆ ದ್ವೇಷವಿಲ್ಲ. ಅಮ್ಮ ನಿನ್ನೆ ನಿನ್ನ ಹಸಿರು ಸೀರೆ ಉಟ್ಟಳು. ಯಾರು ಕೊಟ್ಟದ್ದೆಂದು ಯಾರೋ ಕೇಳಿದರು. ಹೇಳದೆ ನನ್ನ ಮುಖ ನೋಡಿದಳು.

ಸರಸ್ವತಮ್ಮ


ಊರಿಗಾಂ
14-12-1958

ಅಕ್ಕನಿಗೆ ನಮಸ್ಕಾರಗಳು.

ಮೊದಲು ನಿಮ್ಮ ತಮ್ಮನಿಗೆ ಹೇಳಿದೆ. ಗುರುವಾರ ಊಟಕ್ಕೆ ಕೂತಿದ್ದರು. ಮಾತು ಮುಗಿಯುವವರೆಗೆ ಕೈ ತಟ್ಟೆಯಲ್ಲೇ ಇತ್ತು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಪುಸ್ತಕ ತಂದು ಓದಿದವನು ನಾನು" ಅಂದರು. ಎದ್ದು ಕೈ ತೊಳೆದು ಡ್ಯೂಟಿಗೆ ಹೋದರು. ಆಮೇಲೆ ಇವತ್ತಿನವರೆಗೆ ನನ್ನ ಜೊತೆ ನಾಲ್ಕೈದು ಮಾತು ಆಡಿರಬಹುದು, ಎಲ್ಲ ಬಾಗಿಲು, ನೀರು, ಬೀಗ.

ಇವತ್ತು ಭಾನುವಾರ, ಬೆಳಿಗ್ಗೆ ನೀರು ಬರುವ ಹೊತ್ತಿಗೆ ಎಲ್ಲರೂ ನಲ್ಲಿಯ ಹತ್ತಿರ ಇದ್ದರು. ಕೊಡ ಕೆಳಗಿಟ್ಟು, ಅತ್ತೆ ಹೇಳಿದ್ದು ನಿಜ, ಕೇಳಿಸಿಕೊಂಡವಳು ನಾನು ತಪ್ಪಾಗಿ ಕೇಳಿಸಿಕೊಂಡೆ, ಅದು ತಿಳಿದ ಮೇಲೂ ಸುಮ್ಮನಿದ್ದೆ, ಮುಚ್ಚಿಸಿದ ಸಂದಿಯನ್ನು ನಾನೇ ಬಿಡಿಸುತ್ತೇನೆ ಅಂದೆ. ಯಾರಿಗೂ ತಲೆಬುಡ ಅರ್ಥವಾಗಲಿಲ್ಲ. ಮೊದಲಿನಿಂದ ಹೇಳಬೇಕಾಯಿತು. ಮಂಗಮ್ಮನವರು ಬಾಯಿಗೆ ಕೈಯಿಟ್ಟು, "ಅಯ್ಯೋ ದೇವುಡಾ, ಆವು ಅಂಟೆ ನಾ ಆವಾ, ನನ್ ಹಸುವಾ! ಆ ನಾಲ್ಕಡಿ ದಾರಿ ಅದ್ಕಾ ಬಿಟ್ಟಿದ್ದು!" ಎಂದು ನಗಲು ಶುರುಮಾಡಿದರು. ನಗು ನಿಲ್ಲಿಸಲು ಅವರಿಗೇ ಆಗಲಿಲ್ಲ. ಪೆರುಮಾಳ್ ಅವರ ಬಾಗಿಲು ತೆರೆದದ್ದು ನೋಡಿ ನಿಲ್ಲಿಸಿದರು.

ಪೆರುಮಾಳ್ ಅವರು ಮೆಟ್ಟಿಲ ಮೇಲೆ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಕೈಗೆ ಈಗಲೂ ಬಟ್ಟೆ ಸುತ್ತಿಕೊಳ್ಳುತ್ತಾರೆ. ನಾನು ಅವರ ಕಾಲಿಗೆ ಬೀಳಲು ಹೋದೆ, ಹಿಂದೆ ಸರಿದರು. "ವಿರಲು ಪೋಚ್ಚು ಮ್ಮಾ, ಬೆರಳು ಹೋಯ್ತು. ಅದು ನೀನು ಅತ್ರೂ ಬರೋದಿಲ್ಲ" ಅಂದರು. ಆಮೇಲೆ, "ಅವತ್ತು ಆಸ್ಪತ್ರೇಲಿ ಪಿಳ್ಳಮ್ಮಕ್ಕನ ಮಾತು ತಂದು ಹೇಳಿದ್ರು, ಮುದುಕಿಗೆ ಮರೆವು ಅಂತ. ನಾನೂ ನಕ್ಕೆ" ಅಂದರು. ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅವರ ಹೆಂಡತಿ ತಮ್ಮ ಕೊಡ ತುಂಬಿಸಿಕೊಂಡು ನನ್ನ ಕೊಡವನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿದರು. ನಾನು ನೀರು ಹಿಡಿಯದೆ ಬಂದೆ.

ದೊಡ್ಡವೆಂಕಟಪ್ಪನವರೊಬ್ಬರು ಮನೆಯವರೆಗೆ ಬಂದರು. ಅವರಿಗೆ ಅಷ್ಟು ನಡೆದರೂ ಉಬ್ಬಸ. ಹಾರೆ ತಂದಿದ್ದರು. ನನಗೆ ಹೊಡೆಯಲೇನೋ ಎಂದು ಒಂದು ಕ್ಷಣ ಹೆದರಿದೆ. "ಗಾರೆ ಗಟ್ಟಿ ಆಗೋಗದೆ ಕಣಮ್ಮ, ನಿನ್ ಕೈಲಿ ಆಗಲ್ಲ. ಇದ್ರಾಗೆ ಮೀಟು" ಎಂದು ಕೊಟ್ಟು, ನಿಂತು ಹೇಳಿಕೊಟ್ಟರು. ಎರಡೂವರೆ ತಿಂಗಳ ಮೇಲೆ ತೋಟದೊಳಗೆ ಕಾಲಿಟ್ಟೆ. ಗರಿಕೆ ಮೊಣಕಾಲುದ್ದ ಬೆಳೆದಿದೆ. ಹಾವು ಇನ್ನೂ ಅಲ್ಲೇ ಇದೆಯೋ, ಯಾವತ್ತೋ ಗೋಡೆ ಹತ್ತಿ ಹೋಯಿತೋ ಯಾರಿಗೂ ತಿಳಿಯದು. ಒಂದು ಕಲ್ಲಿನಷ್ಟು ಬಿಡಿಸಲು ಮಧ್ಯಾಹ್ನವಾಯಿತು. ಇವರು ಕಿಟಕಿಯಿಂದ ನೋಡುತ್ತಿದ್ದರು. ಹೊರಗೆ ಬರಲಿಲ್ಲ.

ಇವರು ನನ್ನ ಜೊತೆ ಬರುವುದಿಲ್ಲ. ಅಮ್ಮನ ಎದುರಿಗೆ ನಿಲ್ಲಲು ತಮಗೆ ಇನ್ನೂ ಸ್ವಲ್ಪ ದಿನ ಬೇಕಂತೆ. ನನ್ನ ಜೊತೆ ಅತ್ತೆ ಹಿಂದಕ್ಕೆ ಬರುತ್ತಾರೋ ಇಲ್ಲವೋ, ಬಂದರೂ ಈ ಸಾಲಿನಲ್ಲಿ ನಮ್ಮನ್ನು ಯಾರು ಮಾತನಾಡಿಸುತ್ತಾರೋ ಇಲ್ಲವೋ, ನಾನು ಏನನ್ನೂ ಎಣಿಸಿಕೊಂಡಿಲ್ಲ. ಹೇಳಬೇಕಾದದ್ದನ್ನು ಅವರೆದುರಿಗೆ ಕೂತು ಹೇಳುತ್ತೇನೆ. ನೀವೂ, ಭಾವನವರೂ, ಗಡಿಗಲ್ಲು ಕೇಳಲು ಬಂದಿದ್ದ ಪಕ್ಕದ ಮನೆಯವರೂ ಇದ್ದರೆ ಒಳ್ಳೆಯದು.

ಸ್ಟೇಷನ್ನಿಗೆ ಯಾರೂ ಬರುವುದು ಬೇಡ. ಒಂದು ಕೆಲಸ ಮಾತ್ರ ಮಾಡಿ ಅಕ್ಕ. ನಾನು ಬರುವುದನ್ನು ಅತ್ತೆಗೆ ಸ್ಲೇಟಿನ ಮೇಲೆ ಬರೆದುಕೊಡಬೇಡಿ, ಅವರೇ ಕೇಳಿದರೂ ಬೇಡ. ಬಾಯಿಂದ ಹೇಳಿ, ಒಂದೇ ಸಲ ಹೇಳಿ. ಅವರಿಗೆ ನೆನಪಿರುತ್ತದೆ. ಗುರುವಾರ, ಹದಿನೆಂಟನೇ ತಾರೀಖು, ಮಾರಿಕುಪ್ಪಂನಿಂದ ಬರುವ ಬೆಳಗಿನ ಮೊದಲ ಗಾಡಿ.

ಕನಕ